ಪಿಕಳಾರ ಕೂತ ಬಸರಿ ಮರ

ಬೆಳಿಗ್ಗೆ ಎಂಟಕ್ಕೆ ಗುಡೇಕೋಟೆಯ ಬಂಡೆಗುಡ್ಡ ಹತ್ತುತ್ತಿದ್ದೆವು. ಹಳದಿ ಕೊರಳಿನ ಪಿಕಳಾರ ಇಂಥ ಬಂಡೆ, ಕುರುಚಲು ಇದ್ದ ಕಡೆಯಷ್ಟೇ ಇರುವ ಹಕ್ಕಿ. ಅದನ್ನು ತೋರಿಸಲು ಕುರಿ ಕಾಯುವ ಓಬಣ್ಣ ಮುಂದೆ ನಡೆದಿದ್ದ. ಹೋಗುತ್ತ ಹೋಗುತ್ತ ಕೋಲಿನಿಂದ ಬಂಡೆಗೆ ಟಕಟಕ ಬಡಿಯುತ್ತಿದ್ದ. ಎರಡು ಸಲ ಹಕ್ಕಿ ಹಾರಿಹೋಯಿತು. ಕ್ಯಾಮೆರಾದ ರೀಲಿನಲ್ಲಿ ಇನ್ನು ಮೂರೇ ಚಿತ್ರಕ್ಕೆ ಜಾಗ ಉಳಿದಿತ್ತು. ನನಗೆ ರೇಗಿತು.

“ಬಡಿಯೋದು ನಿಲ್ಲಿಸಪ್ಪ, ಹಕ್ಕಿ ಹೆದರುತ್ತೆ.”

“ಹಕ್ಕಿ ಸಲುವಾಗಿ ಬಡಿಯಾಕತ್ತಿಲ್ರಿ,” ಎಂದ. ಆದರೂ ನಿಲ್ಲಿಸಿದ.

ತಿರುವಿನಾಚೆ, ಬಂಡೆಯ ಬಿರುಕಿನಲ್ಲಿ ಬೇರುಬಿಟ್ಟ ಬಸರಿ ಮರ. ಅದರ ತುಂಬ ಹಣ್ಣು. ತಗ್ಗಿನ ಕೊಂಬೆಯಲ್ಲೇ ಪಿಕಳಾರ ಕೂತಿತ್ತು, ಕೊರಳಿಗೆ ಅರಿಶಿನ ಮೆತ್ತಿದ ಹಾಗೆ. ಕ್ಯಾಮೆರಾ ಎತ್ತಿದೆ. ಅದು ಕುಕ್ಕಿದ ಹಣ್ಣೊಂದು ಕೆಳಗೆ ಬಿತ್ತು. ಅಲ್ಲಿ ನೆರಳಿನಲ್ಲಿ ಏನೋ ಅದನ್ನು ಸೊರ್ರನೆ ಹೀರಿತು.

ಓಬಣ್ಣ ನನ್ನ ರಟ್ಟೆ ಹಿಡಿದ. “ಕರಡಿ ಐತ್ರಿ,” ಅವನ ದನಿ ಉಸಿರಷ್ಟೇ ಇತ್ತು. “ಹಕ್ಕಿ ಮ್ಯಾಲ ತಿಂತೈತಿ, ಬಿದ್ದಿದ್ದು ಇದು ತಿಂತೈತಿ. ದೂರದಿಂದ ಬಡಕೊಂತ ಬಂದ್ರ ತಾನಾಗೇ ಸರದು ಹೋಗ್ತೈತ್ರಿ.”

“ಹಾಗಾದರೆ ಈಗ ಬಡಿ,” ಎಂದು ಪಿಸುಗುಟ್ಟಿದೆ.

“ಈಗ ಭಾಳ ಹತ್ರ ಬಂದೀವ್ರಿ. ಬೆಚ್ಚಿದ್ರ ಮೈಮ್ಯಾಲ ಬರ್ತೈತಿ.”

ಕ್ಯಾಮೆರಾವನ್ನು ಮೆಲ್ಲಗೆ ಕೆಳಗಿಳಿಸಿದೆ. ಪಿಕಳಾರ ಇನ್ನೊಂದು ಹಣ್ಣು ಉದುರಿಸಿತು. ಹಾರಬೇಡ ತಾಯಿ, ಉದುರಿಸುತ್ತಲೇ ಇರು ಎಂದು ಬೇಡಿಕೊಳ್ಳುತ್ತ ಒಂದು ಹೆಜ್ಜೆ ಹಿಂದಕ್ಕಿಟ್ಟೆ.