ಆಫ್ರಿಕಾದ ಅಮ್ಮನಿಗೆ ಮಡಿಲಕ್ಕಿ

ಎಂಬತ್ತನೇ ಇಸವಿಯ ಆಸುಪಾಸು ನಾನು ತರೀಕೆರೆಯ ಲೈಬ್ರರಿಯಲ್ಲಿ ಕೆಲಸಕ್ಕಿದ್ದೆ. ಆಫ್ರಿಕಾದ ಹೊಸ ಕಾದಂಬರಿ, ಕಲೆಯ ಪುಸ್ತಕ ಬೇಕು ಅಂತ ಮೇಲಿನವರ ಕಾಲು ಹಿಡಿದು ಒಂದು ಬೀರು ತುಂಬ ತರಿಸಿದ್ದೆ. ಬಂದವರೆಲ್ಲ ಪೇಪರಿನಲ್ಲಿ ಕೊಬ್ಬರಿ ರೇಟು ನೋಡಿ ಎದ್ದು ಹೋಗುತ್ತಿದ್ದರು. ಆ ಬೀರುವಿನ ಕಡೆ ಒಬ್ಬರೂ ತಿರುಗಲಿಲ್ಲ. ಕೊನೆಗೆ, ಓದುವವರಿಲ್ಲದ ಪುಸ್ತಕ ವಾಪಸ್ ಕಳಿಸಿ ಅಂತ ಆರ್ಡರ್ ಬಂತು.

ಎಲ್ಲವನ್ನೂ ಗೋಣಿಚೀಲಕ್ಕೆ ತುಂಬುತ್ತಿದ್ದಾಗ, ಲಿಂಗದಹಳ್ಳಿ ಬಸ್ಸಿಗೆ ಕಾಯುತ್ತಿದ್ದ ಅಜ್ಜಿಯೊಬ್ಬಳು ನೀರು ಕೇಳಿಕೊಂಡು ಒಳಗೆ ಬಂದಳು. ಮೇಲಿದ್ದ ಪುಸ್ತಕದ ರಟ್ಟಿನಲ್ಲಿ ಮರದ ಮುಖವಾಡದ ಚಿತ್ರವಿತ್ತು. ನೋಡಿದವಳೇ ಚಪ್ಪಲಿ ಬಿಟ್ಟು ಕೈಮುಗಿದಳು.

"ಯಾವೂರ ಅಮ್ಮನಪ್ಪಾ ಇದು?"

"ಅಮ್ಮ ಅಲ್ಲ ಕಣಜ್ಜಿ, ಆಫ್ರಿಕಾದೋರು ಕೆತ್ತಿರೋ ಮುಖವಾಡ. ಇಲ್ಲಿ ಯಾರೂ ಓದ್ಲಿಲ್ಲ, ವಾಪಸ್ ಕಳಿಸ್ತಿದೀನಿ."

"ಅಷ್ಟು ದೂರದಿಂದ ಬಂದೋಳ್ನ ಬರೀ ಮಡಿಲಲ್ಲಿ ಕಳಿಸ್ತಾರೇನಪ್ಪಾ?"

ತನ್ನ ಗಂಟು ಬಿಚ್ಚಿ, ಸಂತೆಯಲ್ಲಿ ಕೊಂಡಿದ್ದ ಅಕ್ಕಿಯನ್ನು ಬೊಗಸೆಯಲ್ಲಿ ತೆಗೆದು ಚೀಲಕ್ಕೆ ಸುರಿದಳು. "ಮತ್ತೆ ಬಾರವ್ವ" ಅಂದಳು. ಆ ಪುಸ್ತಕಗಳನ್ನು ಮತ್ತೆ ಬನ್ನಿ ಅಂತ ಕರೆದವಳು ಅವಳೊಬ್ಬಳೇ. ಅಕ್ಕಿ ತೆಗೆಯಲು ನನಗೆ ಕೈ ಬರಲಿಲ್ಲ. ಹಾಗೇ ಚೀಲದ ಬಾಯಿ ಹೊಲಿದೆ.

ಆಮೇಲೆ ಮೇಲಿನ ಆಫೀಸಿನವರು ಬೈದರು. ಅಕ್ಕಿಗೆ ಬಂದ ಇಲಿಗಳು ಗೋದಾಮಿನಲ್ಲಿ ಪುಸ್ತಕಗಳನ್ನೂ ಬಿಟ್ಟಿರಲಿಲ್ಲವಂತೆ. ಅಂತೂ ಆ ಪುಸ್ತಕಗಳ ಕೊನೇ ಪುಟದವರೆಗೆ ಹೋಗಿದ್ದು ಆ ಇಲಿಗಳು ಮಾತ್ರ.