ಬೋರ್ಡಿಗೆ ಅಡ್ಡ ನಿಂತ ಕಂಬ

ದೆಹಲಿಯ ಕನಾಟ್ ಪ್ಲೇಸಿನಲ್ಲಿ ನಾನು ದಿನಾ ತಿಂಡಿ ತಿನ್ನುತ್ತಿದ್ದ ಹೋಟೆಲಿನ ಯಜಮಾನರು ಕುಂದಾಪುರದ ಕಡೆಯವರು. ಬ್ರಿಟಿಷರು ಕಟ್ಟಿದ ದಪ್ಪ ಬಿಳಿ ಕಂಬವೊಂದು ಅವರ ಬೋರ್ಡಿಗೆ ಸರಿಯಾಗಿ ಅಡ್ಡ ನಿಂತಿತ್ತು. ಪಾರಂಪರಿಕ ಕಟ್ಟಡವಾದ್ದರಿಂದ ಅದಕ್ಕೊಂದು ಮೊಳೆ ಹೊಡೆಯಲೂ ಅನುಮತಿ ಇರಲಿಲ್ಲ. ಹಾದುಹೋಗುವಾಗಲೆಲ್ಲ ಯಜಮಾನರು ಅದನ್ನು ಮೊಣಕೈಯಿಂದ ತಿವಿದು, "ಬ್ರಿಟಿಷರು ಹೋದ್ರು, ಇದೊಂದು ಹೋಗ್ಲಿಲ್ಲ ಮಾರಾಯ್ರೆ" ಎನ್ನುತ್ತಿದ್ದರು.

ಒಂದು ಆಯುಧಪೂಜೆಯಂದು ಗ್ರೈಂಡರ್, ದೋಸೆ ಕಾವಲಿ, ಸ್ಕೂಟರಿಗೆಲ್ಲ ಕುಂಕುಮ ಹಚ್ಚುತ್ತ ಬಂದವರು ಅದೇ ಭರದಲ್ಲಿ ಕಂಬಕ್ಕೂ ಹಚ್ಚಿ, ಉಳಿದ ಹಾರವನ್ನು ಸುತ್ತಿಬಿಟ್ಟರು. ಸಂಜೆಯೊಳಗೆ ದಾರಿಹೋಕರು ಅಲ್ಲಿ ಊದುಬತ್ತಿ ಹಚ್ಚತೊಡಗಿದ್ದರು. ಕಂಬಕ್ಕೆ ಬಿದ್ದ ಕುಂಕುಮದ ಕಲೆ ಪರಿಶೀಲಿಸಲು ಬಂದ ಸರ್ಕಾರಿ ಇನ್ಸ್‌ಪೆಕ್ಟರ್ ಬೂಟು ಕಳಚಿ ಕೈಮುಗಿದು, "ಭಯ್ಯಾ, ಇದು ಯಾವ ಬಾಬಾ?" ಎಂದು ಹಿಂದಿಯಲ್ಲಿ ಕೇಳಿದರು.

ಯಜಮಾನರ ಮೊಣಕೈ ಏಳಲಿಲ್ಲ. ನನ್ನತ್ತ ತಿರುಗಿ, "ಬ್ರಿಟಿಷರದ್ದೇ ಆಗಿದ್ರೆ ಇವತ್ತಲ್ಲ ನಾಳೆ ಒಡೀಬಹುದಿತ್ತು. ಇನ್ನು ಯಾರು ಮುಟ್ತಾರೆ ಮಾರಾಯ್ರೆ?" ಎಂದರು.