ಕಡಲಾಮೆಯ ಎದುರು ನಮ್ಮ ಫಿಟ್ಟರು

ಜನ್ನಾಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಫಿಟ್ಟರಿಗೆ ಕಂಡದ್ದನ್ನೆಲ್ಲ ತಟ್ಟುವ ಅಭ್ಯಾಸ. ಹಲಸಿನಹಣ್ಣಾಗಲಿ, ಹೊಸ ಸ್ಕೂಟರಾಗಲಿ, ದಾರಿಯ ಎಮ್ಮೆಯಾಗಲಿ, "ಒಂದ್ಸಲ ತಟ್ಟಿ ನೋಡ್ತೀನಿ ಮಾರಾಯ" ಎನ್ನುತ್ತಿದ್ದರು.

ಒಮ್ಮೆ ರಜೆಯಲ್ಲಿ ಎರಡೂ ಮನೆಯವರು ಅಂಡಮಾನಿಗೆ ಹೋದೆವು. ಸ್ಕೂಬಾ ಡೈವಿಂಗಿಗೆಂದು ನಮ್ಮನ್ನು ಸಮುದ್ರದೊಳಗೆ ಕರೆದೊಯ್ಯುವ ತರಬೇತುದಾರ, ಯಾವ ಜೀವಿಯನ್ನೂ ಮುಟ್ಟಬಾರದೆಂದ. ಫಿಟ್ಟರು ಗಾಬರಿಯಾದರು.

"ನನ್ನ ಕೈ ಕಟ್ಟಿಬಿಡೋಕೆ ಹೇಳು ಮಾರಾಯ, ಅವು ನನ್ ಮಾತು ಕೇಳಲ್ಲ" ಎಂದು ನನ್ನನ್ನು ಬೇಡಿಕೊಂಡರು. ಆತ ಒಪ್ಪಲಿಲ್ಲ. ಕೊನೆಗೆ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನೀರಿಗಿಳಿದರು.

ಕೆಳಗೆ ದೊಡ್ಡ ಕಡಲಾಮೆಯೊಂದು ತಾನಾಗಿಯೇ ಬಂದು ಅವರ ಹೊಟ್ಟೆಗೆ ಬೆನ್ನು ಉಜ್ಜತೊಡಗಿತು. ಫಿಟ್ಟರು ಅಲ್ಲಾಡಲಿಲ್ಲ. ತೃಪ್ತಿಯಾಗುವಷ್ಟು ಉಜ್ಜಿಕೊಂಡು ಅದು ಹೋಯಿತು.

ದೋಣಿ ಹತ್ತಿದ ಮೇಲೂ ಅವರು ಕಂಕುಳಿನಿಂದ ಕೈ ತೆಗೆಯಲಿಲ್ಲ. "ಆಮೆ ಹೋಯ್ತು ಕಣ್ರೀ" ಎನ್ನುತ್ತಾ ಹೆಂಡತಿಯೇ ಅವರಿಗೆ ಚಹಾ ಕುಡಿಸಿದರು.